ಆ ಮನುಷ್ಯ ನನ್ನಪ್ಪ ಅಲ್ಲ

ಏಳನೇ ಕ್ಲಾಸಿನಲ್ಲಿ ಪರಿಸರ ದಿನಾಚರಣೆಯ ಪ್ರಬಂಧ ಸ್ಪರ್ಧೆಗೆ ನಾನು ಬರೆದ ಮೊದಲ ವಾಕ್ಯ ಇನ್ನೂ ಬಾಯಿಪಾಠ: ‘ಮನುಷ್ಯನ ದುರಾಸೆಯಿಂದ ಇಂದು ಕಾಡು ನಾಶವಾಗುತ್ತಿದೆ.’ ಮೇಷ್ಟ್ರು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದು. ನಲವತ್ತು ಮಕ್ಕಳೂ ಅದರಿಂದಲೇ ಶುರು ಮಾಡಿದ್ದೆವು. ನನ್ನ ಅಕ್ಷರ ದುಂಡಗಿತ್ತು, ಹಾಗಾಗಿ ಸ್ಟೀಲಿನ ಊಟದ ಡಬ್ಬಿ ನನಗೆ ಬಂತು. ಅಪ್ಪ ಅವತ್ತು ಹದಿನೈದು ದಿನದ ಮೇಲೆ ಕ್ಯಾಂಪಿನಿಂದ ಇಳಿದು ಬಂದಿದ್ದ. ಜಗಲಿಯಲ್ಲಿ ಕೂತು ಮೀನಖಂಡದಿಂದ ಉಣ್ಣಿ ಕೀಳುತ್ತಾ ಒಂದೊಂದನ್ನೇ ಉಗುರಿನಲ್ಲಿ ಕುಕ್ಕುತ್ತಿದ್ದ. ನಾನು ಗಟ್ಟಿಯಾಗಿ ಓದಿದೆ. ಮೊದಲ ವಾಕ್ಯಕ್ಕೇ ತಲೆ ಎತ್ತಿದ.

“ಯಾವ ಮನ್ಸ ಕೂಸೇ ಅವ್ನು? ನಮ್ಮೂರವ್ನಾ?”

ನಗು ಬಂತು. ಕಾಡಲ್ಲೇ ಬಿದ್ದಿರುವವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಅಂತ. ಅದಾಗಿ ಹದಿನೇಳು ವರ್ಷ. ಈಗ ನನ್ನನ್ನು ಪರಿಸರ ವಿಜ್ಞಾನಿ ಅನ್ನುತ್ತಾರೆ. ಎರಡು ಡಿಗ್ರಿ, ಒಂದು ಫೆಲೋಶಿಪ್ಪು, ಕತ್ತಿಗೆ ನೇತುಹಾಕಿಕೊಳ್ಳುವ ದುರ್ಬೀನು ಎಲ್ಲ ಇದೆ. ಭೂಮಿ ಕಾಯುತ್ತಿರುವ ವಿಚಾರವನ್ನು ಏಸಿ ಹಾಲುಗಳಲ್ಲಿ ಶಾಲು ಹೊದ್ದುಕೊಂಡು ಕೇಳಿದ್ದೇನೆ. ಅಪ್ಪನ ಪ್ರಶ್ನೆಗೆ ಉತ್ತರ ಹೇಳಿದವರು ಅಲ್ಲಿ ಒಬ್ಬರೂ ಸಿಗಲಿಲ್ಲ. ಆ ಪ್ರಶ್ನೆ ಕೇಳಿದವರೂ ಸಿಗಲಿಲ್ಲ.

ಕನ್ನಡದಲ್ಲಿ ಒಂದು ಸೌಕರ್ಯ ಇದೆ. ನಾಮಪದದ ಬಾಲಕ್ಕೆ ‘ಆಗು’ ಕಟ್ಟಿಬಿಟ್ಟರೆ ಮಾಡಿದವನು ಮಾಯ. ಕಾಡು ನಾಶವಾಯಿತು. ಕೆರೆ ಒತ್ತುವರಿಯಾಯಿತು. ಗುಡ್ಡ ಕುಸಿತವಾಯಿತು. ಯಾರೂ ಏನೂ ಮಾಡಲಿಲ್ಲ, ಎಲ್ಲ ತಾನೇ ತಾನಾಗಿ ಆಯಿತು, ಮಗು ನಿದ್ದೆಗಣ್ಣಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡ ಹಾಗೆ. ಅದೂ ಸಾಲದಿದ್ದರೆ ಕಚೇರಿಗಳ ಪ್ರೀತಿಯ ‘ಲಾಗಿದೆ’ ಉಂಟು: ಮರಗಳನ್ನು ತೆರವುಗೊಳಿಸಲಾಗಿದೆ, ಕುಟುಂಬಗಳನ್ನು ಸ್ಥಳಾಂತರಿಸಲಾಗಿದೆ. ಮಾಡಿದವರು ಇಂಥವರೇ ಅಂತ ಹೇಳಲೇಬೇಕಾದ ಸಂಕಟ ಬಂದಾಗ ಹಿತ್ತಲ ಬಾಗಿಲಿಂದ ‘ಮನುಷ್ಯ’ನನ್ನು ಕರೆತರುತ್ತಾರೆ. ಅವನಿಗೆ ಊರಿಲ್ಲ, ಜಾತಿಯಿಲ್ಲ, ಪಹಣಿಯಿಲ್ಲ, ಕಂಪನಿಯಿಲ್ಲ. ಆದರೆ ಸಿಕ್ಕಿಬಿದ್ದವನು ಬಡವನಾಗಿದ್ದರೆ ನೋಡಿ, ನಮ್ಮ ವ್ಯಾಕರಣ ಎಷ್ಟು ಬೇಗ ನೆಟ್ಟಗಾಗುತ್ತದೆ! ಸೌದೆ ಕದ್ದವನು ಇಂಥ ಊರಿನವನು, ಇಂಥವರ ಮಗ, ವಯಸ್ಸು ಇಷ್ಟು. ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ಫೋಟೊ ಸಮೇತ ಹಾಜರು.

ನನ್ನಪ್ಪ ಚಾಮರಾಜನಗರ ಜಿಲ್ಲೆಯ ಒಂದು ಹೊಲಗೇರಿಯವನು. ಇಪ್ಪತ್ತೆರಡು ವರ್ಷದಿಂದ ಕಳ್ಳಬೇಟೆ ತಡೆ ಶಿಬಿರದಲ್ಲಿ ವಾಚರ್. ಯಾವ ಕಾಡು, ಯಾವ ವಲಯ ಅಂತ ಬರೆಯುವುದಿಲ್ಲ. ಇನ್ನೂ ಅಲ್ಲೇ ದುಡಿಯುತ್ತಿದ್ದಾನೆ, ನನ್ನ ಸಿಟ್ಟಿಗೆ ಅವನ ಅನ್ನ ಹೋಗಬಾರದು. ಮೊದಲು ದಿನಗೂಲಿ ಅಂದರು, ಈಗ ಹೊರಗುತ್ತಿಗೆ ಅನ್ನುತ್ತಾರೆ. ವರ್ಷದಲ್ಲಿ ಮುನ್ನೂರು ದಿನ ಕಾಡಿನ ಒಳಗಿರುವವನಿಗೆ ಹೊರಗುತ್ತಿಗೆ! ಶಿಬಿರ ಅಂದರೆ ಒಂದು ಕೋಣೆ, ಸುತ್ತ ಆನೆ ಕಂದಕ, ಒಂದು ಸೋಲಾರ್ ದೀಪ, ಗೊರಗುಟ್ಟುವ ವೈರ್‌ಲೆಸ್ ಸೆಟ್ಟು. ಒಂದು ವರ್ಷ ಕೊಟ್ಟ ಶೂ ಎರಡು ಸೈಜು ದೊಡ್ಡದು. ಅವ್ವನ ಹಳೆ ಸೀರೆ ಹರಿದು ಮುಂದಕ್ಕೆ ತುರುಕಿಕೊಂಡು ಆ ಶೂನಲ್ಲೇ ಗಸ್ತು ತಿರುಗಿದ. ಸಫಾರಿ ಜೀಪಿನಲ್ಲಿ ಬರುವವರ ಕ್ಯಾಮೆರಾದ ಉದ್ದನೆ ಲೆನ್ಸು ಒಂದರಲ್ಲಿ ಅವನ ಐದಾರು ವರ್ಷದ ಸಂಬಳ ಅಡಗಿರುತ್ತದೆ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಂಡರೂ ಅಡ್ಡಿಯಿಲ್ಲ, ಸ್ವಲ್ಪ ಅದೂ ಇದೆ.

ಕರ್ನಾಟಕದಲ್ಲಿ 2022ರ ಗಣತಿಯಂತೆ 563 ಹುಲಿ. 2023ರ ಅಂದಾಜಿನಂತೆ 6,395 ಆನೆ, ದೇಶದಲ್ಲೇ ಮೊದಲು. ಈ ಅಂಕಿ ನೋಡಿದಾಗ ನನಗೆ ನಿಜಕ್ಕೂ ಖುಷಿ. ಕ್ಯಾಮೆರಾ ಟ್ರ್ಯಾಪಿನ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದಾಗ ನಡುರಾತ್ರಿ ಎರಡು ಗಂಟೆಗೆ ದಾಟಿಹೋದ ಹೆಣ್ಣುಹುಲಿ, ಅದರ ಹಿಂದೆ ಓಡೋಡಿ ಬರುವ ಮರಿ ಕಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹುಲಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ‘ಮಾನವ–ವನ್ಯಜೀವಿ ಸಂಘರ್ಷ’ ಅನ್ನುವ ಪದದ ಮೇಲೆ. ಆ ಮಾನವ ಯಾರು? ಬೆಳಗಿನ ಜಾವ ಬಯಲಿಗೆ ಹೋದವಳು. ಕಾಡಂಚಲ್ಲಿ ದನ ಮೇಯಿಸುವವನು. ರಾತ್ರಿಯಿಡೀ ಅಟ್ಟಣೆ ಮೇಲೆ ತಗಡು ಬಡಿಯುತ್ತಾ ಜೋಳ ಕಾಯುವವನು. ರೆಸಾರ್ಟಿನ ಈಜುಕೊಳದಲ್ಲಿ ಕಾಲು ಇಳಿಬಿಟ್ಟುಕೊಂಡು ಕಾಡಿನ ಮೌನದ ಬಗ್ಗೆ ಮಾತಾಡುವವನ ಜೊತೆ ಯಾವ ಆನೆಯೂ ಸಂಘರ್ಷ ಮಾಡಿದ್ದು ನಾನು ಕಾಣೆ.

2025ರ ಕೊನೆಯ ತಿಂಗಳುಗಳಲ್ಲಿ ಸರಗೂರು ಕಡೆ ಹೊಲದಲ್ಲಿದ್ದವರನ್ನು, ದನ ಮೇಯಿಸುತ್ತಿದ್ದವರನ್ನು ಹುಲಿ ಒಬ್ಬೊಬ್ಬರಾಗಿ ಹೊತ್ತೊಯ್ದಾಗ ಸರ್ಕಾರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿತು. ಗದ್ದಲವೋ ಗದ್ದಲ. ಸತ್ತವರ ಮನೆ ಮುಂದೆ ಇಲ್ಲದ ಕಣ್ಣೀರು ಸಫಾರಿ ಗೇಟಿನ ಮುಂದೆ ಹರಿಯಿತು. ಅದಕ್ಕೂ ಮುಂಚೆ, ಸೆಪ್ಟೆಂಬರಿನಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ನಡೆದದ್ದು ನೆನಪಿರಬಹುದು. ಹುಲಿ ಹಿಡಿಯುತ್ತೇವೆಂದು ಬೋನು ಇಟ್ಟು ದಿನಗಟ್ಟಲೆ ತಿರುಗಿ ನೋಡಲಿಲ್ಲ ಅಂತ ರೊಚ್ಚಿಗೆದ್ದ ಊರವರು ಬಂದ ಸಿಬ್ಬಂದಿಯನ್ನೇ ಬೋನಿಗೆ ತಳ್ಳಿ ಬಾಗಿಲು ಹಾಕಿದರು. ಟೀವಿಯಲ್ಲಿ ಎಲ್ಲರೂ ನಕ್ಕರು. ನಾನು ಬೋನಿನ ಕಂಬಿ ಹಿಂದಿನ ಮುಖಗಳನ್ನು ಒಂದೊಂದಾಗಿ ನೋಡಿದೆ, ಅಪ್ಪ ಇದ್ದಾನಾ ಅಂತ. ಇರಲಿಲ್ಲ. ಇದ್ದವರು ಅಪ್ಪನಂಥವರು, ಖಾಕಿಯ ಕಟ್ಟಕಡೆಯ ಮೆಟ್ಟಿಲವರು. ಹೊರಗೆ ನಿಂತು ಬೀಗ ಹಾಕಿದವರೂ ಅಪ್ಪನಂಥವರೇ. ಬೋನಿಗೆ ಹೋಗಬೇಕಾದವರು ಅವತ್ತು ಆ ಜಿಲ್ಲೆಯಲ್ಲೇ ಇರಲಿಲ್ಲ.

ಅದೇ ವರ್ಷದ ಜೂನಿನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿ ಸತ್ತು ಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಇಟ್ಟಿದ್ದರು. ದನದವರನ್ನು ಹಿಡಿದರು, ಅವರ ಹೆಸರು ಊರು ಎಲ್ಲ ಪತ್ರಿಕೆಯಲ್ಲಿ ಬಂತು. ವಿಷ ಇಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಆ ಐದು ಹೆಣದ ಚಿತ್ರ ನೋಡಿ ಎರಡು ದಿನ ಊಟ ಸೇರಲಿಲ್ಲ. ಆದರೆ ಆ ವಿಭಾಗದ ಹೊರಗುತ್ತಿಗೆ ಕಾವಲುಗಾರರಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ ಅನ್ನುವುದೂ ಆಗಲೇ ಹೊರಬಂತು. ದುಡ್ಡು ಬಂದಿದ್ದರೂ ಕೊಟ್ಟಿರಲಿಲ್ಲವಂತೆ. ಹಸಿದ ಹೊಟ್ಟೆಯಲ್ಲಿ ಗಸ್ತು ಹೋಗು ಅಂದವರು ಯಾರು? ‘ಸಂಬಳ ವಿಳಂಬವಾಗಿತ್ತು.’ ಮತ್ತೆ ಅದೇ ‘ಆಗು’.

ಕಾಡಿನ ಒಳಗಿನ ಮಾತಿಗೆ ಬರುತ್ತೇನೆ. ನನ್ನ ಕೆಲಸದ ಬಹುಪಾಲು ಲಂಟಾನದ ಜೊತೆ. ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಎಂಎಂ ಹಿಲ್ಸು ಎಲ್ಲಿ ಹೋದರೂ ಎದೆಮಟ್ಟ, ತಲೆಮಟ್ಟ ಅದೇ. ಹಳದಿ ಕೆಂಪು ಪುಟ್ಟ ಹೂಗೊಂಚಲು, ಮುಟ್ಟಿದರೆ ಕೈಗೆ ಹತ್ತುವ ಘಾಟು, ಅಂಗಿ ಹಿಡಿದೆಳೆಯುವ ಕೊಕ್ಕೆಮುಳ್ಳು. ನಮ್ಮ ಮಣ್ಣಿನದ್ದಲ್ಲ ಇದು. ಅಮೆರಿಕ ಖಂಡದ ಉಷ್ಣವಲಯದ ಗಿಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯತೋಟಕ್ಕೆ ಅಂದಕ್ಕೆಂದು ತಂದರು. ದೊರೆಸಾನಿಯರ ಬೇಲಿಯ ಹೂವು ಇವತ್ತು ದೇಶದ ಹುಲಿ ನೆಲೆಗಳ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಹಬ್ಬಿದೆ. ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ. ಜಿಂಕೆ, ಕಾಟಿ, ಆನೆಗೆ ಬೇಕಾದ್ದು ಹುಲ್ಲು. ಆನೆ ಹೊಲಕ್ಕೆ ಬರುವುದಕ್ಕೆ ಇದೊಂದೇ ಕಾರಣ ಅನ್ನುವ ಹುಂಬತನ ನನಗಿಲ್ಲ. ಆದರೆ ಮನೆಯ ಪಾತ್ರೆ ಖಾಲಿಯಾದವರು ಪಕ್ಕದ ಮನೆಗೆ ಹೋಗುವುದು ಆನೆಗೂ ಗೊತ್ತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಕಾಡಿಗೆ ತರಗು ಬೆಂಕಿ ಕೊಡುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಇಬ್ಬನಿಯ ಪಸೆ ಇರುವಾಗ, ಒಣಗಿದ ಎಲೆಗೆ ಕಿಡಿ ತಾಗಿಸುವುದು. ಬೆಂಕಿ ಮೊಳಕಾಲ ಮೇಲೆ ಏಳುವುದಿಲ್ಲ. ತರಗು ಸುಟ್ಟು, ಲಂಟಾನದ ಎಳೆ ಸಸಿ ಕರಟಿ, ಮಳೆ ಬಿದ್ದಾಗ ಬೂದಿಯಿಂದ ಹುಲ್ಲು ಚಿಗುರುತ್ತಿತ್ತು. ನೆಲ್ಲಿಮರಕ್ಕೆ ಅಂಟುವ ಬದನಿಕೆಯೂ ಅದೇ ಹೊಗೆಗೆ, ಅದೇ ಝಳಕ್ಕೆ ಹದ್ದುಬಸ್ತಿನಲ್ಲಿತ್ತು ಅನ್ನುತ್ತಾರೆ ಅವರು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು (ಇದೋ, ನಾನೂ ‘ಆಯಿತು’ ಅಂದೆ; ಸರ್ಕಾರ ಮಾಡಿತು). ಸೋಲಿಗರ ಊರುಗಳಾದ ಪೋಡುಗಳನ್ನು ಎಬ್ಬಿಸಿ ಒಂದೆಡೆ ಗುಡ್ಡೆ ಹಾಕಿದರು. ಬೆಂಕಿ ಕೊಟ್ಟವನು ಅಪರಾಧಿ. ಅಲ್ಲಿಂದ ಲಂಟಾನಕ್ಕೆ ಸುಗ್ಗಿ. 1997ರಲ್ಲಿ ಬೆಟ್ಟದುದ್ದಕ್ಕೂ ಗುರುತುಮಾಡಿ ಅಳೆದ ತುಂಡುಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಕಾಣಿಸಿಕೊಂಡ ತುಂಡುಗಳು ಹತ್ತಿರ ಹತ್ತಿರ ಇಮ್ಮಡಿ. ಸೋಲಿಗರು ಹತ್ತಾರು ವರ್ಷ ಬಾಯಿಬಿಟ್ಟು ಹೇಳಿದ್ದಕ್ಕೆ ಅದು ಮೂಢನಂಬಿಕೆ. ಇಂಗ್ಲಿಷಿನಲ್ಲಿ ಅಚ್ಚಾದ ಮೇಲೆ ಅದೇ ವಿಜ್ಞಾನ.

ಒಮ್ಮೆ ಬೆಟ್ಟದಲ್ಲಿ ಟ್ರಾನ್ಸೆಕ್ಟ್ ನಡೆಯುತ್ತಿದ್ದೆ. ಬೆಳಗ್ಗೆ ಆರಕ್ಕೆ ಹೊರಟು ಎರಡು ಕಿಲೋಮೀಟರ್ ನೇರ ಗೆರೆಯಲ್ಲಿ ಸದ್ದಿಲ್ಲದೆ ನಡೆಯುವುದು, ಕಂಡ ಪ್ರಾಣಿ ಎಷ್ಟು, ಎಷ್ಟು ದೂರ, ಯಾವ ಕೋನ ಅಂತ ಬರೆದುಕೊಳ್ಳುವುದು. ಕೈಯಲ್ಲಿ ದೂರ ಅಳೆಯುವ ಲೇಸರ್, ದಿಕ್ಸೂಚಿ. ಜೊತೆಗಿದ್ದ ಸೋಲಿಗ ಅಜ್ಜ ಬರಿಗೈ. ನಾನು ದುರ್ಬೀನು ಕಣ್ಣಿಗಿಡುವ ಮೊದಲೇ ಅವನ ಗಲ್ಲ ಆ ಕಡೆ ತಿರುಗಿರುತ್ತಿತ್ತು. ಅವತ್ತು ಎರಡು ಕಿಲೋಮೀಟರಿನಲ್ಲಿ ಸಿಕ್ಕಿದ್ದು ಒಂದು ಕೆಂದಳಿಲು, ಒಂದು ಕಾಡುಕೋಳಿ. ಮಿಕ್ಕಿದ್ದೆಲ್ಲ ಲಂಟಾನದ ಗೋಡೆ. ಕೊನೆಯಲ್ಲಿ ಬಂಡೆ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚುತ್ತಾ ಅಂದ: “ಬೆಂಕಿ ಬ್ಯಾಡ ಅಂದ್ರಿ, ಇದು ಬಂತು. ಈಗ ಇದೇ ಬೆಂಕಿ ಕರ್ಕೊಂಡು ಬತ್ತದ ನೋಡವ್ವ.”

ಕರೆದುಕೊಂಡು ಬಂದೇಬಿಟ್ಟಿತು. ಮುಂಚಿನ ಬೆಂಕಿ ಮೊಳಕಾಲಿಗೆ ಬರುತ್ತಿತ್ತು. ಈಗ ಒಣಗಿದ ಲಂಟಾನವನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೆ ಹತ್ತುತ್ತದೆ. ಮಳೆ ಕೈಕೊಟ್ಟ ವರ್ಷ ಇನ್ನೂ ಜೋರು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಬೆಂಕಿಯಲ್ಲೇ ತೀರಿಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಉರಿಯಿತು. ಸ್ಟಾರುಗಳ ವಿಡಿಯೊ, ಬೆಂಗಳೂರಿನಿಂದ ಬಂದ ಬಿಸ್ಕತ್ತಿನ ರಾಶಿ, ನೀರಿನ ಬಾಟಲಿಯ ರಾಶಿ. ಬಂದವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರ ಚಿತ್ರ ನಿಮ್ಮಲ್ಲಿ ಎಷ್ಟು ಜನರ ಕಣ್ಣಲ್ಲಿದೆ? ಅಪ್ಪ ಒಂದು ಬೇಸಿಗೆ ಮನೆಗೆ ಬಂದಾಗ ಹುಬ್ಬು ಇರಲಿಲ್ಲ. ಅವ್ವ ಬೆಚ್ಚಿಬಿದ್ದಳು, ತಂಗಿ ಅವನ ಹುಬ್ಬಿನ ಜಾಗದಲ್ಲಿ ಕಾಡಿಗೆ ಎಳೆದು ನಗಾಡಿದಳು. ಆ ಸಲ ಬೆಂಕಿಗೆ ಕಾರಣ ‘ಕಿಡಿಗೇಡಿಗಳು’ ಅಂತ ಬಂತು. ಐವತ್ತು ವರ್ಷ ಕಾಡಿಗೆ ಸೌದೆ ಪೇರಿಸಿದ ಕಾಯಿದೆಗೆ ಕಿಡಿಗೇಡಿ ಅನ್ನುವ ಧೈರ್ಯ ನಮಗಿಲ್ಲವಲ್ಲ.

ಹಾಗಂತ ಇವತ್ತು ಹೋಗಿ ಕಡ್ಡಿ ಗೀರಿ ಅಂತಲ್ಲ. ಈಗ ಬೆಳೆದು ನಿಂತ ಲಂಟಾನಕ್ಕೆ ಬೆಂಕಿ ಕೊಟ್ಟರೆ ಕಾಡೂ ಸುಡುತ್ತದೆ, ಲಂಟಾನವೂ ಬುಡದಿಂದ ಮತ್ತೆ ಚಿಗುರುತ್ತದೆ. ಅದು ಸೋಲಿಗರಿಗೆ ನನಗಿಂತ ಚೆನ್ನಾಗಿ ಗೊತ್ತು. 2011ರ ಜನವರಿಯಲ್ಲಿ ಅದೇ ಬೆಟ್ಟವನ್ನು ಹುಲಿ ಮೀಸಲು ಎಂದು ಘೋಷಿಸಿದರು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು, ದೇಶದ ಹುಲಿ ಮೀಸಲುಗಳಲ್ಲೇ ಮೊದಲು. ಆದರೂ ಈ ಕಾಡನ್ನು ಏನು ಮಾಡೋಣ ಅಂತ ಕೂತು ಕೇಳಲು ಇನ್ನೂ ಬಿಗುಮಾನ. ಇತ್ತ ನಾಗರಹೊಳೆಯಲ್ಲಿ 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿಗೆ ವಾಪಸು ಹೋಗಿ ಟಾರ್ಪಾಲು ಕಟ್ಟಿಕೊಂಡು ಕೂತವು. ಅಜ್ಜ ಅಜ್ಜಿಯರನ್ನು ಮಣ್ಣು ಮಾಡಿದ ಜಾಗ ಅದು. ಅವರನ್ನು ಒತ್ತುವರಿದಾರರು ಅಂದರು. ಇದೇ ನಾಗರಹೊಳೆಯ ಮೂರ್ಕಲ್ಲಿನಲ್ಲಿ 1990ರ ದಶಕದಲ್ಲಿ ದೊಡ್ಡ ಹೋಟೆಲ್ ಕಂಪನಿಯೊಂದರ ಕಾಡು ಬಂಗಲೆ ಏಳುತ್ತಿತ್ತು. ಆದಿವಾಸಿಗಳು ಬೀದಿಗಿಳಿದರು, 1997ರಲ್ಲಿ ಹೈಕೋರ್ಟು ಅದು ಅಕ್ರಮ ಅಂದ ಮೇಲೆ ನಿಂತಿತು. ರಾಷ್ಟ್ರೀಯ ಉದ್ಯಾನದ ನಡುವೆ ಹೋಟೆಲು ಬಾರದಂತೆ ತಡೆದವರು ಒತ್ತುವರಿದಾರರು. ಕಟ್ಟಲು ಹೊರಟವರು ಹೂಡಿಕೆದಾರರು.

ಒಂದು ತಮಾಷೆ ಹೇಳುತ್ತೇನೆ. ನೀಲಗಿರಿ ಸೀಮೆಯ ಆದಿವಾಸಿಗಳು ಲಂಟಾನದ ಕಡ್ಡಿ ಬೇಯಿಸಿ, ಬಗ್ಗಿಸಿ, ಹೆಣೆದು ನಿಜದಷ್ಟೇ ಗಾತ್ರದ ಆನೆಗಳನ್ನು ಮಾಡಿದರು. 2021ರಲ್ಲಿ ಆ ಆನೆಹಿಂಡು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತು. ಇನ್ನೂರು ವರ್ಷದ ಹಿಂದೆ ಕುಂಡದಲ್ಲಿ ಬಂದದ್ದು ಆನೆಯಾಗಿ ವಾಪಸು ಹೋಯಿತು! ಕೂಲಿ ಹುಟ್ಟಿತು, ಒಳ್ಳೆಯದು. ಆದರೂ ಆ ಫೋಟೊ ನೋಡಿದಾಗಲೆಲ್ಲ ನನಗೆ ಅನ್ನಿಸುವುದು, ಅವರು ಕಳಿಸಿದ್ದನ್ನು ಅವರಿಗೇ ಹೊತ್ತು ಮುಟ್ಟಿಸಲು ಇಲ್ಲಿಯವರ ಹೆಗಲೇ ಬೇಕಾಯಿತಲ್ಲ.

ಹವಾಮಾನ ಬದಲಾವಣೆಯಲ್ಲೂ ಇದೇ ಕಥೆ. ‘ನಾವೆಲ್ಲರೂ ಸೇರಿ ಭೂಮಿಯನ್ನು ಬಿಸಿ ಮಾಡಿದ್ದೇವೆ.’ ನಾವೆಲ್ಲರೂ ಅಂದರೆ? ಇಂಗಾಲದ ಡೈಆಕ್ಸೈಡ್ ಲೆಕ್ಕ ಹಾಕಿದರೆ ಅಮೆರಿಕದವನ ತಲೆಗೆ ವರ್ಷಕ್ಕೆ ಸುಮಾರು 14 ಟನ್, ಭಾರತದವನ ತಲೆಗೆ ಸುಮಾರು 2 ಟನ್. ಇಷ್ಟು ಹೇಳಿ ನಮ್ಮ ರಾಯಭಾರಿಗಳು ಜಾಗತಿಕ ಸಮಾವೇಶಗಳಲ್ಲಿ ಎದೆ ತಟ್ಟಿಕೊಳ್ಳುತ್ತಾರೆ, ಸರಿಯಾಗಿಯೇ. ಊರಿಗೆ ಬಂದ ಮೇಲೆ ಆ 2 ಟನ್ನನ್ನು ಒಡೆದು ನೋಡುವುದಿಲ್ಲ. ಮೂರು ಕಾರು, ಆರು ಏಸಿಯವನನ್ನೂ ನನ್ನಪ್ಪನನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು ‘ಭಾರತೀಯ’. ಸರಾಸರಿ ಅನ್ನುವುದು ಅಂಕಿಯ ಭಾಷೆಯ ‘ಮನುಷ್ಯ’. ಅಪ್ಪನ ಪಾಲಿನ ಹೊಗೆ ಎಷ್ಟು? ಒಂದು ಸೌದೆ ಒಲೆ, ದಿನಕ್ಕೆ ಒಂದು ಕಟ್ಟು ಬೀಡಿ.

ಹೊಗೆ ಹಂಚುವಾಗ ಸರಾಸರಿ, ಹೆಣ ಬೀಳುವಾಗ ಮಾತ್ರ ಪಕ್ಕಾ ವಿಳಾಸ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲೆಯ ಮೇಲೆ ಬೆಟ್ಟ ಇಳಿಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಚಾಮರಾಜನಗರದವರೂ ಇದ್ದರು ಅನ್ನುವುದು ನಮ್ಮ ಕಡೆ ಬಿಟ್ಟು ಮಿಕ್ಕವರಿಗೆ ಮರೆತೇಹೋಗಿರಬಹುದು. ನಮ್ಮ ಜಿಲ್ಲೆಯಿಂದ ಟೀ ತೋಟಕ್ಕೆ ಕೂಲಿಗೆ ಹೋಗುವುದು ತಲೆಮಾರಿನ ವಾಡಿಕೆ. ಬರ ಬಂದಾಗ ಗುಂಡ್ಲುಪೇಟೆ ದಾಟಿ ಹೋಗುವುದು, ತೋಟದ ಪಾಡಿಯಲ್ಲಿ ಒಂದು ಕೋಣೆ, ಅಲ್ಲೇ ಮಕ್ಕಳು, ಅಲ್ಲೇ ಮೊಮ್ಮಕ್ಕಳು. ನೀರಿನ ಆಸರೆ ನೋಡಿ ಹೊಳೆದಂಡೆಗೆ ಕಟ್ಟಿದ ಸಾಲು ಮನೆಗಳವು. ಗಟ್ಟಿ ದಿಣ್ಣೆಯ ಮೇಲೆ ಮ್ಯಾನೇಜರರ ಬಂಗಲೆ ಇರುತ್ತದೆ, ಅದು ಎಲ್ಲ ತೋಟದ ನಿಯಮ. ಅವತ್ತಿನ ಒಂದು ದಿನದ ಮಳೆ ಹವಾಮಾನ ಬಿಸಿಯೇರಿದ್ದರಿಂದ ಶೇ 10ರಷ್ಟು ಹೆಚ್ಚು ಸುರಿದಿದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. ಲೆಕ್ಕ ಸರಿ ಇದೆ, ಅದು ನನ್ನ ವೃತ್ತಿಯದೇ ಲೆಕ್ಕ. ಆದರೆ ಪಾಡಿ ಎಲ್ಲಿ ಕಟ್ಟಬೇಕು, ಬಂಗಲೆ ಎಲ್ಲಿ ಕಟ್ಟಬೇಕು ಅಂತ ಗೆರೆ ಎಳೆದದ್ದು ಮಳೆಯಲ್ಲ. 2019ರಲ್ಲಿ ಅಲ್ಲೇ ಹತ್ತಿರದ ಪುತ್ತುಮಲೆ ಜಾರಿ 17 ಜನ ಸತ್ತಿದ್ದರು. ಮುನ್ಸೂಚನೆ ಇರಲಿಲ್ಲ ಅನ್ನುವವರ ಬಾಯಿಗೆ ಏನು ಹೇಳೋಣ.

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು. ಮುಂಡಕ್ಕೈ ಇರುವ ವೈತಿರಿ ತಾಲ್ಲೂಕು ಅದರಲ್ಲಿ ಅತಿ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿತ್ತು. ಆ ವರದಿಯನ್ನು ಕೇಂದ್ರ ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡಿತು, ಮಾಹಿತಿ ಹಕ್ಕಿನಲ್ಲಿ ಕೇಳಿ, ಕೋರ್ಟಿನವರೆಗೆ ಹೋಗಿ ಬಿಡಿಸಬೇಕಾಯಿತು. ಏನು ಮಾಡಬೇಕು, ಏನು ಬೇಡ ಅನ್ನುವುದನ್ನು ಗ್ರಾಮಸಭೆಗಳು ತೀರ್ಮಾನಿಸಲಿ ಅಂದದ್ದೇ ಆ ವರದಿಯ ಜೀವಾಳ. ಅದನ್ನು ಯಾವ ಗ್ರಾಮಸಭೆಯ ಮುಂದೆ ಅವರವರ ಭಾಷೆಯಲ್ಲಿ ಇಟ್ಟರು? ಊರವರ ಕೈಗೆ ಮುಟ್ಟಿದ್ದು ವರದಿಯಲ್ಲ, ಗುಮಾನಿ: ಮನೆಗೆ ಹೆಂಚು ಹಾಕಂಗಿಲ್ಲ, ದನ ಕಟ್ಟಂಗಿಲ್ಲ, ಒಕ್ಕಲೆಬ್ಬಿಸ್ತಾರೆ. ಬಡವನ ಆ ದಿಗಿಲನ್ನು ಗಣಿಯವರು, ಕಲ್ಲುಕ್ವಾರಿಯವರು, ರೆಸಾರ್ಟಿನವರು ಎದೆಗೆ ಗುರಾಣಿ ಮಾಡಿಕೊಂಡರು. ಆಮೇಲೆ ಬಂದ ಕಸ್ತೂರಿರಂಗನ್ ವರದಿ ಗೆರೆಯನ್ನು ತೆಳ್ಳಗೆ ಮಾಡಿತು, ಗ್ರಾಮಸಭೆಯನ್ನು ಬದಿಗೆ ಸರಿಸಿತು. ವಯನಾಡಿನ ಹೆಣಗಳನ್ನು ಇನ್ನೂ ಎತ್ತುತ್ತಿರುವಾಗ, ಜುಲೈ 31ರಂದು, ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಆರನೇ ಸಲ ಹೊರಡಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಎರಡು ತಿಂಗಳು ಕಳೆಯುವುದರೊಳಗೆ ನಮ್ಮ ಸಂಪುಟ ಆಗುವುದಿಲ್ಲ ಅಂತ ತಿರಸ್ಕರಿಸಿತು. ಜನರ ಹಿತಕ್ಕಂತೆ. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆಂದು ಬುಡ ಕೊರೆದ ಗುಡ್ಡ ಚಹಾ ಅಂಗಡಿಯನ್ನೂ ಅದರಲ್ಲಿದ್ದವರನ್ನೂ ಗಂಗಾವಳಿಗೆ ನೂಕಿದ್ದೂ ಅದೇ ಜುಲೈಯಲ್ಲಿ. ಅವರೂ ಜನರೇ ಇರಬೇಕು.

ಹವಾಮಾನ ಬದಲಾವಣೆಗೆ ಹುಡುಕಿದ ಪರಿಹಾರದಲ್ಲಾದರೂ ಬಡವನಿಗೆ ಪಾಲು ಸಿಕ್ಕಿತೇ? ಪಾವಗಡಕ್ಕೆ ಹೋಗಿ ನೋಡಿ. 13,000 ಎಕರೆ ಸೋಲಾರ್ ಪಾರ್ಕು, 2,050 ಮೆಗಾವಾಟ್, ಹೊಗೆಯಿಲ್ಲದ ಕರೆಂಟು, ಬೇಕಾದ್ದೇ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಶುರುವಾಗಿ ಕಾಲಕಾಲಕ್ಕೆ ಏರುತ್ತದೆ. ಆ ಜಮೀನಿನಲ್ಲಿ ಶೇಂಗಾ ಕೀಳುತ್ತಿದ್ದ ಕೂಲಿಯವಳಿಗೆ? ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ? ಅವರ ಹೆಸರಿನಲ್ಲಿ ಪಹಣಿ ಇರಲಿಲ್ಲ, ಆದ್ದರಿಂದ ಅವರು ಕಳೆದುಕೊಂಡದ್ದೂ ಏನೂ ಇಲ್ಲ. ಬೇಲಿಯಾಚೆ ಗಾಜಿನ ಫಲಕಗಳ ಸಮುದ್ರ, ಬೇಲಿಯೀಚೆ ನೆರಳಿಲ್ಲದ ರಸ್ತೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗಾಗಿ ಸಿಂಗಳೀಕದ ಅಭಯಾರಣ್ಯದ ಮರಕ್ಕೆ ಕೊಡಲಿ ಎತ್ತಿರುವುದೂ ಹಸಿರು ಇಂಧನದ ಹೆಸರಿನಲ್ಲೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಊರು ಬಿಟ್ಟವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿಗೆ ಇನ್ನೂ ಭೂಮಿಯ ಹಕ್ಕಿನ ಕಾಗದ ಕೈಗೆ ಬಂದಿಲ್ಲ. ಅವರ ಕತ್ತಲೆಯ ಮೇಲೆ ಮತ್ತೊಂದು ಸುತ್ತು ಬೆಳಕು.

ಇಷ್ಟೆಲ್ಲ ಬೈದವಳು ನನ್ನ ಗಲೀಜನ್ನೂ ಹೇಳಬೇಕು. ನನ್ನ ಮೊದಲ ಪ್ರಬಂಧ ಒಳ್ಳೆಯ ಜರ್ನಲ್ಲಿನಲ್ಲಿ ಬಂತು. ಅದರ ಕೃತಜ್ಞತೆಯ ಸಾಲಿನಲ್ಲಿ ದುಡ್ಡು ಕೊಟ್ಟ ಸಂಸ್ಥೆ, ಪರವಾನಗಿ ಕೊಟ್ಟ ಅಧಿಕಾರಿಗಳು, ಅಂಕಿಅಂಶ ನೋಡಿಕೊಟ್ಟ ಗೆಳೆಯ ಎಲ್ಲರ ಹೆಸರೂ ಇದೆ. ಆಮೇಲೆ ‘ನಾಲ್ವರು ಕ್ಷೇತ್ರ ಸಹಾಯಕರು’. ಹೆಸರಿಲ್ಲ. ಹಾಗೆ ಬರೆದದ್ದು ಮೇಲ್ಜಾತಿಯ ಪ್ರೊಫೆಸರಲ್ಲ, ವಾಚರ್ ಮಗಳು ನಾನು. ಆ ನಾಲ್ವರಲ್ಲಿ ಒಬ್ಬ, ಬಂಡೆ ಮೇಲೆ ಎಲೆಅಡಿಕೆ ಹಾಕಿಕೊಂಡ ಅಜ್ಜ. ಅಜ್ಜ ಹೇಳಿದ ಬೆಂಕಿಯ ಮಾತೇ ಆ ಪ್ರಬಂಧದ ತಿರುಳು. ಯಾರೂ ಹಾಗೆ ಬರೆ ಅನ್ನಲಿಲ್ಲ. ಎಲ್ಲರೂ ಹಾಗೇ ಬರೆಯುತ್ತಿದ್ದರು, ಕೈ ತಾನಾಗಿ ಬರೆಯಿತು. ಬರೆಯಲಾಯಿತು.

ಅಪ್ಪನ ಡೈರಿಗಳದ್ದು ಇನ್ನೊಂದು ಕಥೆ. ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಹಂಚುವ ಚಿಕ್ಕ ಡೈರಿಗಳು. ಇಪ್ಪತ್ತು ವರ್ಷದ್ದು ಟ್ರಂಕಿನಲ್ಲಿವೆ. ಏಳನೇ ಕ್ಲಾಸಿನ ಅಕ್ಷರ, ಶಿಬಿರದ ಬೇಸರ ಕಳೆಯಲು ಬರೆದದ್ದು. ‘ಭರಣಿ ಹುಯ್ಯಲಿಲ್ಲ. ಕೆರೆ ತಳ ಕಂಡದ. ಆನೆ 7 ಬಂದು ನಿಂತು ವಾಪಸ್ ಹೋದೊ.’ ‘ಮುತ್ತುಗ ಈಗಲೇ ಹೂ. ಇನ್ನೂ ಸಂಕ್ರಾಂತಿ ಆಗಿಲ್ಲ.’ ‘ರೋಹಿಣಿ ಮಳೆ ಒಂದೇ ದಿನಕ್ಕ ಹುಯ್ದು ಸೇತುವೆ ಕೊಚ್ಚಿತು.’ ಮಳೆ ನಕ್ಷತ್ರ ತಪ್ಪುತ್ತಿರುವುದು, ಹೂವಿನ ತಿಂಗಳು ಹಿಂದೆ ಸರಿಯುತ್ತಿರುವುದು, ಬಿದ್ದಾಗ ಒಟ್ಟಿಗೇ ಬೀಳುವುದು ಎಲ್ಲ ಅದರಲ್ಲಿದೆ. ಹಿಂದೊಮ್ಮೆ ಶಿಬಿರಕ್ಕೆ ಬಂದಿದ್ದ ಸಂಶೋಧಕರೊಬ್ಬರು ಅಷ್ಟೂ ಪುಟದ ಫೋಟೊ ಹೊಡೆದುಕೊಂಡು ಹೋದರು. ಮುಂದೆ ಅವರ ನಕ್ಷೆಯೊಂದರ ಕೆಳಗೆ ‘ದೀರ್ಘಕಾಲಿಕ ಕ್ಷೇತ್ರ ದಾಖಲೆಗಳು’ ಅಂತ ಬಂತು. ಅಪ್ಪನಿಗೆ ಅವರು ಕೊಟ್ಟದ್ದು ಒಂದು ಟೋಪಿ. ಎರಡರ್ಥ ಬೇಕಾದರೆ ನೀವೇ ಮಾಡಿಕೊಳ್ಳಿ. ಟೋಪಿ ಚೆನ್ನಾಗಿದೆ, ಇನ್ನೂ ಹಾಕಿಕೊಳ್ಳುತ್ತಾನೆ.

ಹೋದ ತಿಂಗಳು ಆ ಡೈರಿಗಳ ಮೇಲೆಯೇ ಒಂದು ಪ್ರಬಂಧ ಬರೆದು ಮುಗಿಸಿದೆ. ಮೊದಲ ಲೇಖಕ ಅಪ್ಪ, ಎರಡನೆಯವಳು ನಾನು. ರಾತ್ರಿ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಜರ್ನಲ್ಲಿನ ಅರ್ಜಿ ತುಂಬುತ್ತಿದ್ದೆ. ಹೆಸರು ತುಂಬಿದೆ. ಮುಂದಿನ ಖಾನೆ, ಸಂಸ್ಥೆ. ಪಟ್ಟಿಯಿಂದ ಆರಿಸಬೇಕು, ಜಗತ್ತಿನ ವಿಶ್ವವಿದ್ಯಾಲಯಗಳೆಲ್ಲ ಅದರಲ್ಲಿವೆ. ಖಾಲಿ ಬಿಟ್ಟು ಒತ್ತಿದರೆ ಕೆಂಪಕ್ಷರ ಬರುತ್ತದೆ, ಮುಂದೆ ಬಿಡುವುದಿಲ್ಲ. ಇಲಾಖೆ ಅಂತ ಹಾಕೋಣವೆಂದರೆ ಇಲಾಖೆಯ ಪುಸ್ತಕದಲ್ಲಿ ಅಪ್ಪ ಅವರ ನೌಕರನೇ ಅಲ್ಲ. ಗುತ್ತಿಗೆದಾರನ ಹೆಸರು ಹಾಕಲೇ? ಮೂರು ಸಲ ಒತ್ತಿದೆ, ಮೂರು ಸಲವೂ ಕೆಂಪು.

ಅಪ್ಪ ಬಗ್ಗಿ ನೋಡಿದ. “ಏನ್ ಕೇಳ್ತಾ ಅದ ಕೂಸೇ ಅದು?”

“ನೀನು ಯಾವ ಕಡೆಯವ್ನು ಅಂತ ಕೇಳ್ತಾ ಅದ ಕನಪ್ಪ.”

ಬೀಡಿ ತುದಿಯ ಬೂದಿ ಕೊಡವಿದ. “ಬರೀಲಕ್ಕ ಜಾಗ ಎಷ್ಟದ?”

“ಇರತದ ಒಂದೆರಡು ಸಾಲು.”

“ಹಂಗಾರ ನಾಕ್ ತಿಂಗ್ಳಿಂದ ಸಂಬ್ಳ ಆಗಿಲ್ಲ ಅಂತಾನೂ ಬರಿ.”